ಗೊಬ್ಬರ ಹಾಕುವ ಮುನ್ನ ನಾಲ್ಕು ಬೀನ್ಸ್ ಬೀಜ

ಹೊರಗಿನಿಂದ ತಂದ ಗೊಬ್ಬರವನ್ನು ನೇರವಾಗಿ ಪಾತಿಗೆ ಸುರಿಯಬೇಡಿ. ಅಮಿನೋಪೈರಾಲಿಡ್, ಕ್ಲೋಪೈರಾಲಿಡ್‌ನಂಥ ಕಳೆನಾಶಕ ಸಿಂಪಡಿಸಿದ ಹುಲ್ಲನ್ನು ದನ ತಿಂದರೆ ಆ ವಿಷ ಹೊಟ್ಟೆಯಲ್ಲಿ ನಾಶವಾಗದೆ ಸಗಣಿ, ಗಂಜಲದೊಂದಿಗೆ ಹೊರಬರುತ್ತದೆ. ಚೆನ್ನಾಗಿ ಕಳಿತು ಘಮ್ಮೆನ್ನುವ ಗೊಬ್ಬರವೂ ಮೋಸ ಮಾಡಬಹುದು.

ಇದನ್ನು ಪತ್ತೆ ಹಚ್ಚಲು ಬೀನ್ಸ್ ಗಿಡ ಸಾಕು. ರಾಶಿಯ ನಾಲ್ಕೈದು ಕಡೆಯಿಂದ, ಒಳಗಿನಿಂದಲೂ ಒಂದೊಂದು ಹಿಡಿ ತೆಗೆದು, ಸಮಪಾಲು ಒಳ್ಳೆಯ ಮಣ್ಣು ಬೆರೆಸಿ ಮೂರು ಕುಂಡ ತುಂಬಿ. ಇನ್ನು ಮೂರಕ್ಕೆ ಬರೀ ಮಣ್ಣು. ಪ್ರತಿಯೊಂದಕ್ಕೂ ನಾಲ್ಕು ಬೀಜ, ಬೇರೆಬೇರೆ ತಟ್ಟೆ. ಬಸಿದ ನೀರು ಬೆರೆತರೆ ಪರೀಕ್ಷೆ ಕೆಟ್ಟಂತೆಯೇ (ನನ್ನ ಮೊದಲ ಎಡವಟ್ಟು ಇದೇ).

ಮೊದಲ ಜೋಡಿ ಎಲೆ ಕಂಡೊಡನೆ ಸಮಾಧಾನಪಡಬೇಡಿ. ಮೂರು ದಳಗಳ ಎಲೆಗಳು ಬರುವವರೆಗೆ, ಸುಮಾರು 3 ವಾರ ಕಾಯಿರಿ. ಗೊಬ್ಬರದ ಕುಂಡದಲ್ಲಿ ಮಾತ್ರ ಹೊಸ ಎಲೆ ಬಟ್ಟಲಿನಂತೆ ಮಡಚಿಕೊಂಡು, ಕಾಂಡ ತಿರುಚಿ, ಕುಡಿ ಜರೀಗಿಡದ ಎಳೆ ಚಿಗುರಿನಂತೆ ಸುರುಳಿ ಸುತ್ತಿದರೆ ಆ ಗೊಬ್ಬರವನ್ನು ಟೊಮೆಟೊ, ಬಟಾಣಿ, ಆಲೂಗಡ್ಡೆಯ ಹತ್ತಿರ ಸುಳಿಯಗೊಡಬೇಡಿ. ಹುಲ್ಲುಹಾಸು ತಾಳಿಕೊಳ್ಳುತ್ತದೆ, ಆದರೆ ಅಲ್ಲಿ ಕತ್ತರಿಸಿದ ಹುಲ್ಲು ಮತ್ತೆ ಕಾಂಪೋಸ್ಟ್ ಗುಂಡಿ ಸೇರಬಾರದು.