ಟ್ಯಾಕ್ರೋ ಲೆವೆಲ್ ಟೆಸ್ಟ್: ಮಾತ್ರೆ ನುಂಗಿ ಹೋಗಬೇಡಿ

ಕಿಡ್ನಿ ಕಸಿಯಾದ ನಮ್ಮ ಭಾವನ ಜೊತೆ ಲ್ಯಾಬಿನ ಬೆಂಚಿನ ಮೇಲೆ ಕೂತು ಕೂತು ಒಂದೇ ತಪ್ಪನ್ನು ಎಷ್ಟೋ ಸಲ ನೋಡಿದ್ದೇನೆ. ಬೆಳಗ್ಗೆ ಎದ್ದು ಮಾತ್ರೆ ನುಂಗಿ, ತಿಂಡಿ ತಿಂದು, ಆಮೇಲೆ ರಕ್ತ ಕೊಡಲು ಬರುತ್ತಾರೆ.

ಆ ಮಾತ್ರೆಯ ಹೆಸರು ಟ್ಯಾಕ್ರೋಲಿಮಸ್, ಅದು ರಕ್ತದಲ್ಲಿ ಎಷ್ಟಿದೆ ಅಂತ ನೋಡುವುದೇ ಟ್ಯಾಕ್ರೋ ಲೆವೆಲ್ ಟೆಸ್ಟ್. ಅದು ಹೊಸ ಕಿಡ್ನಿಯನ್ನು ದೇಹದ ದಾಳಿಯಿಂದ ಕಾಯುತ್ತದೆ. ಜಾಸ್ತಿಯಾದರೆ ಅದೇ ಕಿಡ್ನಿಗೆ ಪೆಟ್ಟು ಕೊಡುತ್ತದೆ. ರಕ್ತ ಸೋಸುವ ಗಂಟುಗಳಿಗೆ ರಕ್ತ ತರುವ ಸಣ್ಣ ನಾಳ ಬಿಗಿಯುತ್ತದೆ, ನಲ್ಲಿ ಅರ್ಧ ತಿರುಗಿಸಿದ ಹಾಗೆ. ಸೋಸುವುದು ಕಡಿಮೆಯಾಗಿ ರಕ್ತದಲ್ಲಿ ಕ್ರಿಯಾಟಿನಿನ್ ಎಂಬ ಕಸ ಏರುತ್ತದೆ. ಈ ಹಂತದಲ್ಲಿ ಡೋಸ್ ಇಳಿಸಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ. ವರ್ಷಗಟ್ಟಲೆ ಹೀಗೇ ನಡೆದರೆ ಆ ನಾಳದ ಗೋಡೆ ದಪ್ಪವಾಗುತ್ತದೆ, ಮೂತ್ರ ಹರಿಯುವ ಕೊಳವೆಗಳ ಜೀವಕೋಶಗಳು ಸಾಯುತ್ತವೆ, ಅಲ್ಲಿ ಗಾಯದ ಕಲೆ ಉಳಿಯುತ್ತದೆ. ಅದು ಮತ್ತೆ ಮೊದಲಿನಂತೆ ಆಗುವುದಿಲ್ಲ. ಇದೇ ಕೆಲಸಕ್ಕೆ ಕೊಡುವ ಇನ್ನೊಂದು ಔಷಧಿ ಸೈಕ್ಲೋಸ್ಪೋರಿನ್ ಕಥೆಯೂ ಇದೇ.

ಟೆಸ್ಟಿಗೆ ಹೋಗುವವರು ಮೊದಲು ಡಾಕ್ಟರ್ ಹತ್ತಿರ ಚೀಟಿ ಬರೆಸಿಕೊಳ್ಳಿ. ಅಷ್ಟೇ.

ಎರಡನೆಯದು ಸಮಯ. ಇಲ್ಲೇ ಎಲ್ಲರೂ ಎಡವುವುದು. ರಕ್ತದಲ್ಲಿ ಔಷಧಿ ಅತಿ ಕಡಿಮೆ ಇರುವಾಗ, ಅಂದರೆ ಮುಂದಿನ ಡೋಸ್‌ಗೆ ಸ್ವಲ್ಪ ಮೊದಲು, ರಕ್ತ ಕೊಡಬೇಕು. ದಿನಕ್ಕೆ 2 ಸಲ ತೆಗೆದುಕೊಳ್ಳುವವರಿಗೆ ಕೊನೆಯ ಡೋಸ್ ಆಗಿ 12 ಗಂಟೆಗೆ, ದಿನಕ್ಕೆ ಒಂದೇ ಸಲದ ಮಾತ್ರೆಗೆ 24 ಗಂಟೆಗೆ. ದಿನಕ್ಕೆ 2 ಸಲದವರು ಹಿಂದಿನ ರಾತ್ರಿ 8ಕ್ಕೆ ನುಂಗಿದ್ದರೆ ಬೆಳಗ್ಗೆ 8ಕ್ಕೆ ಸೂಜಿ. ಯಲಹಂಕದಿಂದ ಹೊರಟು ಹೆಬ್ಬಾಳ ಫ್ಲೈಓವರ್‌ನಲ್ಲಿ ಸಿಕ್ಕಿಕೊಳ್ಳುವವರು ಇದನ್ನು ಮೊದಲೇ ಲೆಕ್ಕ ಹಾಕಿ ಹೊರಡಿ. ಬೆಳಗಿನ ಮಾತ್ರೆ ಬ್ಯಾಗಿನಲ್ಲಿರಲಿ, ಹೊಟ್ಟೆಯಲ್ಲಲ್ಲ. ಕೊನೆಯ ಡೋಸ್ ಎಷ್ಟು ಹೊತ್ತಿಗೆ ಅಂತ ಫಾರ್ಮಿನ ಮೇಲೆ ಬರೆಸಿ, ಅವರು ಕೇಳದಿದ್ದರೂ. ಮರೆತು ನುಂಗಿಬಿಟ್ಟಿದ್ದರೆ ನಾಚಿಕೊಳ್ಳದೆ ಹೇಳಿ, ಅವತ್ತು ವಾಪಸ್ ಹೋಗಿ. ಇಲ್ಲದಿದ್ದರೆ ರಿಪೋರ್ಟಿನಲ್ಲಿ ಲೆವೆಲ್ ಸುಮ್ನೆ ಜಾಸ್ತಿ ಕಾಣುತ್ತದೆ, ಡಾಕ್ಟರ್ ಡೋಸ್ ಇಳಿಸುತ್ತಾರೆ, ದೇಹ ಕಿಡ್ನಿಯನ್ನು ಒಲ್ಲೆ ಅನ್ನಬಹುದು.

ಯಾವಾಗಲೂ ಒಂದೇ ಲ್ಯಾಬ್. ಡಿಸ್ಕೌಂಟ್ ನೋಡಿ ಬದಲಾಯಿಸಬೇಡಿ, ಪರೀಕ್ಷೆಯ ವಿಧಾನ ಬೇರೆಯಾದರೆ ಅಂಕಿಯೂ ಬೇರೆ ಬರುತ್ತದೆ. ಮೆಡಿಕಲ್ ಸ್ಟೋರಿನವನು ‘ಅದೇ ಔಷಧಿ ಸಾರ್, ಕಂಪನಿ ಮಾತ್ರ ಬೇರೆ’ ಅಂದರೂ ಡಾಕ್ಟರನ್ನು ಕೇಳದೆ ಬ್ರ್ಯಾಂಡ್ ಬದಲಿಸಬೇಡಿ.

ಇನ್ನು ತಿನ್ನುವ ವಿಷಯ. ದೇವನಹಳ್ಳಿ ಚಕ್ಕೋತ ನನಗೆ ಪ್ರಾಣ, ಆದರೆ ಭಾವನ ಮನೆಗೆ ಒಯ್ಯುವುದಿಲ್ಲ. ಅದು ಲೆವೆಲ್ ಏರಿಸಬಹುದು. ಭೇದಿಯಾದರೂ ಏರಬಹುದು, ತಕ್ಷಣ ಫೋನ್ ಮಾಡಿ. ಮಂಡಿನೋವಿಗೆ ಡೈಕ್ಲೋಫಿನಾಕ್ ನುಂಗಿದರೆ ಬಿಗಿದ ನಾಳ ಇನ್ನಷ್ಟು ಬಿಗಿಯುತ್ತದೆ. ವಾಟ್ಸಾಪ್‌ನಲ್ಲಿ ಬರುವ ‘ಕಿಡ್ನಿ ಕ್ಲೀನ್’ ಪುಡಿ ಸೀದಾ ಕಸದ ಬುಟ್ಟಿಗೆ.

ರಕ್ತ ಕೊಟ್ಟ ಕೂಡಲೇ ಅಲ್ಲೇ ನೀರು ಕೇಳಿ ಮಾತ್ರೆ ನುಂಗಿ. ದರ್ಶಿನಿಯ ಇಡ್ಲಿ ಒಂದು ಗಂಟೆ ಕಾಯಲಿ.