ಕಟ್ಟಡದಲ್ಲಿ ಹೊಗೆ ಕಂಡರೆ: ಕರೆ ಮಾಡುವ ಕ್ರಮ, ಅಗ್ನಿಶಾಮಕ ದಳದ ಕೆಲಸ

ಹೊಗೆಯ ವಾಸನೆ ಬಂದ ಕೂಡಲೇ ಅದರ ಮೂಲ ಹುಡುಕುತ್ತ ನಿಲ್ಲದೆ 101ಕ್ಕೆ ಅಥವಾ 112ಕ್ಕೆ ಕರೆ ಮಾಡಬೇಕು. 2010ರ ಫೆಬ್ರವರಿ 23ರಂದು ಬೆಂಗಳೂರಿನ ಹಳೇ ವಿಮಾನ ನಿಲ್ದಾಣ ರಸ್ತೆಯ ಕಾರ್ಲ್‌ಟನ್ ಟವರ್ಸ್‌ನಲ್ಲಿ ಬೆಂಕಿ ಬಿದ್ದು 9 ಜನರ ಜೀವ ಹೋಯಿತು. ಅಲ್ಲಿ ಉರಿಗಿಂತ ಹೆಚ್ಚು ಕಾಡಿದ್ದು ಮೇಲಿನ ಮಹಡಿಗಳನ್ನು ತುಂಬಿಕೊಂಡ ದಟ್ಟ ಹೊಗೆ. ಉಸಿರು ಕಟ್ಟಿದ ಕೆಲವರು ಕಿಟಕಿಯಿಂದ ಜಿಗಿದರು.

ಕರೆಯಲ್ಲಿ ಮೊದಲು ಹೇಳಬೇಕಾದದ್ದು ವಿಳಾಸ. ‘ಮೂರನೇ ಕ್ರಾಸ್’ ಎಂದಷ್ಟೇ ಹೇಳಿದರೆ ಸಾಲದು, ಏಕೆಂದರೆ ಬೆಂಗಳೂರಿನ ಬಹುತೇಕ ಬಡಾವಣೆಗಳಲ್ಲಿ ಮೂರನೇ ಕ್ರಾಸ್ ಇರುತ್ತದೆ. ಬಡಾವಣೆ, ಹಂತ, ಮುಖ್ಯರಸ್ತೆ, ಹತ್ತಿರದ ದೇವಸ್ಥಾನ ಅಥವಾ ಶಾಲೆಯ ಗುರುತನ್ನೂ ಸೇರಿಸಬೇಕು. ಆಮೇಲೆ ಎಷ್ಟನೇ ಮಹಡಿ, ಏನು ಹೊತ್ತಿದೆ, ಒಳಗೆ ಯಾರು ಸಿಕ್ಕಿಕೊಂಡಿದ್ದಾರೆ ಎಂಬುದನ್ನು ತಿಳಿಸಿ, ಕರೆ ಸ್ವೀಕರಿಸಿದವರೇ ಸಾಕು ಎನ್ನುವವರೆಗೆ ಫೋನ್ ಇಡಬಾರದು. ಬರಿಯ ನೀರಿನ ವಾಹನ ಸಾಕೋ, ಎತ್ತರದ ಏಣಿಯೂ ಬೇಕೋ ಎಂಬ ತೀರ್ಮಾನ ಈ ಉತ್ತರಗಳನ್ನೇ ಅವಲಂಬಿಸಿರುತ್ತದೆ. ಅಡುಗೆ ಅನಿಲ ಸೋರುತ್ತಿದ್ದರೆ ಸ್ವಿಚ್ ಮುಟ್ಟದೆ ಹೊರಗೆ ಬಂದು ಅನಿಲ ಸೋರಿಕೆಯ ಸಹಾಯವಾಣಿ 1906ಕ್ಕೂ ತಿಳಿಸಬೇಕು.

ವಾಹನ ಬರುವಷ್ಟರಲ್ಲಿ ಒಬ್ಬರು ರಸ್ತೆಯ ತಿರುವಿನಲ್ಲಿ ನಿಂತು ದಾರಿ ತೋರಿಸಲಿ, ಉಳಿದವರು ಗೇಟಿನ ಮುಂದೆ ನಿಲ್ಲಿಸಿರುವ ಕಾರುಗಳನ್ನು ತೆಗೆಸಲಿ. ಇಕ್ಕಟ್ಟಾದ ನಮ್ಮ ಬೀದಿಗಳಲ್ಲಿ ಇದಕ್ಕಿಂತ ದೊಡ್ಡ ನೆರವು ಇಲ್ಲವೆಂದೇ ನನ್ನ ಅಭಿಪ್ರಾಯ. ಲಿಫ್ಟ್ ಬಳಸದೆ ಮೆಟ್ಟಿಲಿಳಿದು ಬರಬೇಕು. ಮೆಟ್ಟಿಲೇ ಹೊಗೆಯಿಂದ ತುಂಬಿದ್ದರೆ ಕೋಣೆಯ ಬಾಗಿಲು ಮುಚ್ಚಿ, ಸಂದಿಗೆ ಒದ್ದೆ ಬಟ್ಟೆ ತುರುಕಿ, ಕಿಟಕಿಯ ಬಳಿ ಕಾಣುವಂತೆ ನಿಲ್ಲಬೇಕು.

ದಳ ಬಂದ ಮೇಲೆ ಸ್ಥಳದ ಹೊಣೆ ಅದರ ಅಧಿಕಾರಿಯದು. ಸಿಬ್ಬಂದಿ ಉಸಿರಾಟದ ಉಪಕರಣ ತೊಟ್ಟು ಒಳಹೊಕ್ಕು ಜನರನ್ನು ಹುಡುಕುತ್ತಾರೆ, ವಿದ್ಯುತ್ ಕಂಪನಿಯವರು ಸಂಪರ್ಕ ಕಡಿತಗೊಳಿಸುತ್ತಾರೆ, ಪೊಲೀಸರು ಜನಜಂಗುಳಿಯನ್ನು ದೂರವಿಡುತ್ತಾರೆ. ಮುಖ್ಯ ಸ್ವಿಚ್, ನೀರಿನ ಸಂಪು, ತಾರಸಿಯ ಬೀಗದ ಕೈ ಎಲ್ಲಿವೆ ಎಂದು ಬಲ್ಲ ಒಬ್ಬರು ಆ ಅಧಿಕಾರಿಯ ಪಕ್ಕದಲ್ಲೇ ಇರಬೇಕು.

ಉರಿ ಆರಿದ ಮೇಲೂ ಸಿಬ್ಬಂದಿ ಕೂಡಲೇ ಹೊರಡುವುದಿಲ್ಲ. ಹಾಸಿಗೆ, ಮರದ ಕಪಾಟುಗಳ ಒಳಗೆ ಉಳಿದ ಕೆಂಡವನ್ನು ಕೆದಕಿ ನೀರು ಹಾಯಿಸುತ್ತಾರೆ. ಅವರು ಅನುಮತಿ ಕೊಡುವ ತನಕ ಒಳಗೆ ಕಾಲಿಡಬಾರದು. ಪೊಲೀಸರು ಮಹಜರು ಮಾಡುವುದಿದ್ದರೆ ಅದು ಮುಗಿಯುವವರೆಗೆ ಸುಟ್ಟ ವಸ್ತುಗಳನ್ನು ಕದಲಿಸಬಾರದು. ವಿಮೆ ಇದ್ದವರು ಕಂಪನಿಗೆ ತಡಮಾಡದೆ ತಿಳಿಸಿ, ಅಗ್ನಿಶಾಮಕ ಇಲಾಖೆಯ ವರದಿಗೂ ಅರ್ಜಿ ಸಲ್ಲಿಸಬೇಕು.