ವಿದೇಶಿ ಹೋರಿಯ ಕಡ್ಡಿ, ನಮ್ಮ ಮಲೆನಾಡಿನ ಕಡಸು: ನನ್ನ ಅನುಭವ

ಹೊರದೇಶದಿಂದ ಒಳ್ಳೆ ತಳಿಯ ದನ ತರಿಸಬೇಕು ಅಂತ ನನಗೂ ಒಂದು ಕಾಲಕ್ಕೆ ಭಾರಿ ಆಸೆ ಇತ್ತು. ನಮ್ಮದು ತೀರ್ಥಹಳ್ಳಿ ಹತ್ತಿರದ ಊರು. ಅಡಿಕೆ ತೋಟ, ಸ್ವಲ್ಪ ಗದ್ದೆ, ಕೊಟ್ಟಿಗೆಯಲ್ಲಿ ಆರು ದನ. ವಿಚಾರಿಸಿದಾಗ ಗೊತ್ತಾಯಿತು, ಜೀವಂತ ದನ ಬರಬೇಕಾದರೆ ಕೇಂದ್ರ ಸರ್ಕಾರದ ಪರವಾನಗಿ ಬೇಕು, ರೋಗ ಇಲ್ಲ ಅನ್ನುವ ಸರ್ಟಿಫಿಕೇಟ್ ಬೇಕು, ಬಂದಿಳಿದ ಮೇಲೆ ಕ್ವಾರಂಟೈನ್. ಆರು ದನ ಇರುವವನಿಗೆ ಆಗುವ ಕೆಲಸವಲ್ಲ.

ಆದರೆ ಆ ರಕ್ತ ನಮ್ಮ ಕೊಟ್ಟಿಗೆಗೆ ಬರಲು ಬೇರೆ ದಾರಿ ಇದೆ. ಕಾಲು ಎಂಎಲ್ ಹಿಡಿಯುವ ವೀರ್ಯದ ಕಡ್ಡಿ. ಮೈನಸ್ 196 ಡಿಗ್ರಿಯ ಲಿಕ್ವಿಡ್ ನೈಟ್ರೋಜನ್ ಕ್ಯಾನಿನಲ್ಲಿ ಬೈಕ್ ಮೇಲೆ ಮನೆ ಬಾಗಿಲಿಗೆ ಬರುತ್ತದೆ. ಇಷ್ಟು ಸುಲಭವಾಗಿ ಸಿಗುವುದರಿಂದಲೇ ನಾನು ತಪ್ಪು ಮಾಡಿದೆ.

ಗೌರಿ ನಮ್ಮ ಮನೆಯಲ್ಲೇ ಹುಟ್ಟಿದ ಕಡಸು. ಅವಳ ತಾಯಿ ಅಪ್ಪಟ ಮಲೆನಾಡು ಗಿಡ್ಡ, ಅಪ್ಪ ಜೆರ್ಸಿ ಮಿಶ್ರತಳಿ. ಮೊದಲ ಬೆದೆ ಕಂಡ ದಿನವೇ ಇಂಜೆಕ್ಷನ್ (ಕಡ್ಡಿಯ ವೀರ್ಯದಿಂದ ಗರ್ಭ ಕಟ್ಟಿಸುವುದಕ್ಕೆ ನಾವು ಹೀಗನ್ನುವುದು) ಕೊಡಿಸಲು ಫೋನ್ ಮಾಡಿದೆ. "ಜಾಸ್ತಿ ಹಾಲಿನ ತಳಿ ಹಾಕಿ" ಅಂತ ನಾನೇ ಹೇಳಿದ್ದು. ಎಚ್‌ಎಫ್, ಅಂದರೆ ಹೋಲ್‌ಸ್ಟೀನ್ ಫ್ರೀಸಿಯನ್ ಅನ್ನುವ ದೊಡ್ಡ ಗಾತ್ರದ ವಿದೇಶಿ ತಳಿ ಹಾಕಿದರು. ಕಡಸು ಎಷ್ಟು ತೂಗುತ್ತದೆ ಅಂತ ಅವರೂ ಕೇಳಲಿಲ್ಲ, ನಾನೂ ಯೋಚಿಸಲಿಲ್ಲ.

ಒಂಬತ್ತು ತಿಂಗಳು ಹತ್ತು ದಿನ ಆಯಿತು. ಆಷಾಢದ ಮಳೆ, ಕರೆಂಟ್ ಇಲ್ಲ. ಸಂಜೆ ಏಳಕ್ಕೆ ನೀರು ಒಡೆಯಿತು. ಎರಡು ಗೊರಸು ಕಂಡವು, ಅದರ ಮೇಲೆ ಮೂಗಿನ ತುದಿ. ಸರಿಯಾಗೇ ಬರ್ತಿದೆ ಅಂತ ಸಮಾಧಾನ ಆಯಿತು. ಒಂಬತ್ತು ಗಂಟೆಯಾದರೂ ಅಷ್ಟೇ. ಮೂಗು ಬಂದು ಹಣೆ ಸಿಕ್ಕಿಕೊಂಡಿತ್ತು. ಗೌರಿ ಪ್ರತಿ ಸಲ ತಿಣುಕಿದಾಗಲೂ ಕರುವಿನ ನಾಲಿಗೆ ಸ್ವಲ್ಪ ಹೊರಗೆ ಬರೋದು, ಮತ್ತೆ ಒಳಗೆ ಹೋಗೋದು. ಆ ನಾಲಿಗೆ ನೀಲಿ ತಿರುಗಿದ್ದನ್ನು ನಾನು ಟಾರ್ಚ್ ಬೆಳಕಲ್ಲಿ ನೋಡಿದೆ. ಡಾಕ್ಟರು ಮಳೆಯಲ್ಲಿ ಬಂದು ಹಗ್ಗ ಕಟ್ಟಿ ಎಳೆಸಿದಾಗ ಮಧ್ಯರಾತ್ರಿ ಕಳೆದಿತ್ತು. ಕರು ಸತ್ತಿತ್ತು. ಗೌರಿಗೆ ಹಿಂಗಾಲಿನ ನರ ಜಜ್ಜಿ ಮೂರು ದಿನ ಏಳಲಾಗಲಿಲ್ಲ. ಬೈಹುಲ್ಲಿನ ಹಾಸಿಗೆ ಮಾಡಿ, ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುತ್ತಾ ನಾನು, ನನ್ನ ಹೆಂಡತಿ ಕೊಟ್ಟಿಗೆಯಲ್ಲೇ ಇದ್ದೆವು. ನಾಲ್ಕನೇ ದಿನ ಎದ್ದಳು.

"ಗೌಡ್ರೇ, ಹೋರಿ ಒಳ್ಳೇದೇ. ಈ ಹೊಟ್ಟೆಗೆ ಅದಲ್ಲ" ಅಂದರು ಡಾಕ್ಟರು. ಎಚ್‌ಎಫ್ ಕರು ಹುಟ್ಟುವಾಗಲೇ ನಲವತ್ತು ಕೆಜಿ ಆಸುಪಾಸು ಇರುತ್ತದೆ. ಜೆರ್ಸಿ ಕರು ಇಪ್ಪತ್ತೈದರ ಹತ್ತಿರ. ನಮ್ಮ ಗಿಡ್ಡದ ಕರುವನ್ನು ಮಕ್ಕಳೂ ಎತ್ತಿಕೊಂಡು ಬರುತ್ತಾರೆ, ಅಲ್ವಾ?

ನನ್ನ ಅಕ್ಕನ ಮಗ ನ್ಯೂಜಿಲ್ಯಾಂಡಿನ ಡೈರಿ ಫಾರ್ಮ್ ಒಂದರಲ್ಲಿ ಕೆಲಸಕ್ಕಿದ್ದಾನೆ. ಅವನಿಗೆ ಹೇಳಿದೆ. "ಮಾವ, ಇಲ್ಲಿ ಎಷ್ಟೋ ಕಡೆ ಚೊಚ್ಚಲ ಕಡಸಿಗೆ ಜೆರ್ಸಿ ಹೋರಿಯನ್ನೇ ಬಿಡ್ತಾರೆ, ಕರು ಸಣ್ಣದು ಅಂತ" ಅಂದ. ಅಲ್ಲಿ ಮಾಂಸಕ್ಕೆ ಆಂಗಸ್, ಹಿಯರ್‌ಫೋರ್ಡ್ ಸಾಕುವವರೂ ಹೋರಿ ಕೊಳ್ಳುವಾಗ ವಂಶದ ಪಟ್ಟಿಯಲ್ಲಿ ಹುಟ್ಟುತೂಕ, ಸಲೀಸಾಗಿ ಕರು ಹಾಕಿಸುವ ಗುಣ ಎರಡನ್ನೂ ನೋಡುತ್ತಾರಂತೆ. ಕರು ಬದುಕಿ ಹೊರಗೆ ಬಂದರೆ ತಾನೇ ಮುಂದಿನ ಮಾತು? ವಂಶಾವಳಿ ಅಂದರೆ ತಾಯಿ ಒಂದು ಸೂಲಿಗೆ ಎಷ್ಟು ಹಾಲು ಕೊಟ್ಟಳು ಅನ್ನುವ ಲೆಕ್ಕ ಮಾತ್ರ ಅಂದುಕೊಂಡಿದ್ದೆ ನಾನು.

ಈಗ ನಾನು ಮೊದಲು ಟೇಪ್ ಹಿಡಿಯುತ್ತೇನೆ. ಮುಂಗಾಲಿನ ಹಿಂದೆ ಎದೆ ಸುತ್ತಳತೆ, ಭುಜದಿಂದ ಪೃಷ್ಠದ ಮೂಳೆಯವರೆಗೆ ಉದ್ದ, ಎರಡೂ ಇಂಚಿನಲ್ಲಿ. ಸುತ್ತಳತೆಯನ್ನು ಅದರಿಂದಲೇ ಗುಣಿಸಿ, ಉದ್ದದಿಂದ ಗುಣಿಸಿ, 660ರಿಂದ ಭಾಗಿಸಿದರೆ ತೂಕ ಕೆಜಿಯಲ್ಲಿ ಅಂದಾಜು ಸಿಗುತ್ತದೆ. ಚೇತರಿಸಿಕೊಂಡ ಮೇಲೆ ಗೌರಿಯನ್ನು ಅಳೆದೆ. ಸುತ್ತಳತೆ 54, ಉದ್ದ 46. ಅಂದರೆ 203 ಕೆಜಿ. ಮಿಶ್ರತಳಿ ಕಡಸು 225 ದಾಟುವ ತನಕ ಇಂಜೆಕ್ಷನ್ ಬೇಡ ಅಂತ ಡಾಕ್ಟರು ಆಮೇಲೆ ಹೇಳಿದರು. ಮೊದಲ ಬೆದೆ ಹೋದರೆ ಹೋಗಲಿ, ಮೂರು ವಾರಕ್ಕೆ ಇನ್ನೊಂದು ಬರುತ್ತದೆ.

ಬೆಳಿಗ್ಗೆ ಬೆದೆ ಕಂಡರೆ ಸಂಜೆ, ಸಂಜೆ ಕಂಡರೆ ಮರುದಿನ ಬೆಳಿಗ್ಗೆ ಕೊಡಿಸುವುದು. ಕಡ್ಡಿಯನ್ನು 37 ಡಿಗ್ರಿ ನೀರಿನಲ್ಲಿ ಅರ್ಧ ನಿಮಿಷ ಇಡುತ್ತಾರಾ ಅಂತ ಪಕ್ಕದಲ್ಲೇ ನಿಂತು ನೋಡುತ್ತೇನೆ. ಅಂಗೈಯಲ್ಲಿ ಉಜ್ಜಿ ಹಾಕುವವರಿದ್ದರೆ ಬೇಡ ಅನ್ನಿ, ಸಂಕೋಚ ಬೇಡ. ಕಡ್ಡಿಯ ಮೇಲೆ ಅಚ್ಚಾದ ಹೋರಿ ನಂಬರನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತೇನೆ. ಮುಂದೆ ಮಗಳಿಗೆ ಅಪ್ಪನದೇ ಕಡ್ಡಿ ಬೀಳಬಾರದಲ್ಲ.

ಇನ್ನೊಂದು ವಿಷಯ ಉಣುಗು. ಗಿಡ್ಡ ದನ ಕಾಡಿಗೆ ಹೋಗಿ ಮೈತುಂಬ ಉಣುಗು ಹತ್ತಿಸಿಕೊಂಡು ಬಂದರೂ ತಡೆದುಕೊಳ್ಳುತ್ತದೆ. ವಿದೇಶಿ ರಕ್ತ ಜಾಸ್ತಿಯಾದಷ್ಟೂ ದನ ಉಣುಗಿನಿಂದ ಹರಡುವ ಥೈಲೇರಿಯಾ ಜ್ವರಕ್ಕೆ ಬೇಗ ಬೀಳುತ್ತವೆ. ಭುಜದ ಮುಂದೆ ಗಡ್ಡೆ ಬಂದು ಮೇವು ಬಿಟ್ಟರೆ ಕಷಾಯ ಅಂತ ದಿನ ಕಳೆಯಬೇಡಿ, ರಕ್ತ ಪರೀಕ್ಷೆ ಮಾಡಿಸಿ. ಉಣುಗು ಕಚ್ಚಿ ಮನುಷ್ಯರಿಗೂ ಬರುವ ಮಂಗನ ಕಾಯಿಲೆಯ ಸೀಮೆ ನಮ್ಮದು. ಕಾಡಿನ ಉಣುಗು ದನದ ಮೈಮೇಲೆ ಬಂದು ಮನೆ ಸೇರುತ್ತದೆ, ಅದನ್ನು ಕೊಟ್ಟಿಗೆಯ ಸಮಸ್ಯೆ ಅಂತ ಮಾತ್ರ ನೋಡಲು ಆಗುವುದಿಲ್ಲ. ಹಾಗಾಗಿ ನಾನು ಮಿಶ್ರತಳಿಯನ್ನು ಕಾಡಿಗೆ ಬಿಡುವುದಿಲ್ಲ. ತೋಟದ ಅಂಚಿನಲ್ಲಿ ನೇಪಿಯರ್ ಹುಲ್ಲು ಹಾಕಿ, ಕೊಯ್ದು ತಂದು ಹಾಕುತ್ತೇನೆ.

ಗೌರಿಗೆ ಮುಂದಿನ ಸಲ ಜೆರ್ಸಿ ಕೊಡಿಸಿದೆ. ಬೆಳಗಿನ ಜಾವ ನಾನು ಕೊಟ್ಟಿಗೆಗೆ ಹೋಗುವಷ್ಟರಲ್ಲಿ ಹೆಣ್ಣು ಕರು ಹಾಕಿ ನೆಕ್ಕುತ್ತಾ ನಿಂತಿದ್ದಳು. ಆ ಕರು ತುಂಗೆ. ಜೆರ್ಸಿ ರಕ್ತವನ್ನು ಇನ್ನೂ ಏರಿಸುವುದು ಬೇಡ ಅಂತ ಅವಳಿಗೆ ಮಿಶ್ರತಳಿ ಹೋರಿಯದೇ ಕಡ್ಡಿ ಹಾಕಿಸಿದ್ದೇನೆ. ಕೊಡಿಸುವ ದಿನ ಅಳೆದಾಗ 240 ಕೆಜಿ ಇದ್ದಳು. ದೀಪಾವಳಿ ಹೊತ್ತಿಗೆ ಕರು ಹಾಕಬೇಕು.